ಸ್ಟಾರ್ ಬೀಳದ 38.6: ಒಂದು ಡೆಂಗಿ ಪ್ರಕರಣದಲ್ಲಿ ಹೆಮಟೋಕ್ರಿಟ್

2024ರ ಜುಲೈ, ಒಂದು ಗುರುವಾರ ಮಧ್ಯಾಹ್ನ 3 ಗಂಟೆ. ಸೆಲ್ ಕೌಂಟರ್‌ನಿಂದ ರಿಪೋರ್ಟ್ ಹೊರಗೆ ಬಂತು. ಪ್ಲೇಟ್‌ಲೆಟ್ 46,000. ಅದರ ಮುಂದೆ ಸ್ಟಾರ್, ಅಂದರೆ ಮಿತಿಯ ಹೊರಗಿದೆ ಎಂಬ ಗುರುತು. ಬಿಳಿ ರಕ್ತಕಣ 3,200. ಅದಕ್ಕೂ ಸ್ಟಾರ್. ಕೆಂಪು ಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 74. ಅದಕ್ಕೂ ಸ್ಟಾರ್. ಹಿಮೋಗ್ಲೋಬಿನ್ 12.5, ಪಿಸಿವಿ, ಅಂದರೆ ಹೆಮಟೋಕ್ರಿಟ್, 38.6. ಇವೆರಡರ ಮುಂದೆ ಏನೂ ಇಲ್ಲ. ಹೆಂಗಸರ ಪಿಸಿವಿಗೆ ನಮ್ಮ ಲ್ಯಾಬ್ ಇಟ್ಟುಕೊಂಡಿರುವ ಮಿತಿ 36ರಿಂದ 46. 38.6 ಅದರೊಳಗೆ ಆರಾಮಾಗಿ ಕೂತಿತ್ತು.

ಆ ದಿನ ಆ ರೋಗಿ ಅಪಾಯದಲ್ಲಿದ್ದಾರೆ ಎಂದು ಹೇಳುತ್ತಿದ್ದ ಸಂಖ್ಯೆ ಮಾತ್ರ ಅದೇ.

ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ಲ್ಯಾಬ್ ಟೆಕ್ನೀಷಿಯನ್. ಮೂವತ್ತು ಹಾಸಿಗೆಯ ನರ್ಸಿಂಗ್ ಹೋಮ್‌ನ ಲ್ಯಾಬ್ ನಮ್ಮದು. ಆ ಮಳೆಗಾಲ ಡೆಂಗಿ ಎಷ್ಟಿತ್ತೆಂದರೆ, ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಈ ರೋಗಿಯ ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿ ಬರೆಯುತ್ತಿದ್ದೇನೆ.

ಜ್ವರದ ಮೊದಲ ದಿನಗಳು

ಅವರಿಗೆ 34 ವರ್ಷ, ತೂಕ 52 ಕೆಜಿ. ಮನೆಯಲ್ಲೇ ಟೈಲರಿಂಗ್. ನನ್ನ ಮಗಳ ಯೂನಿಫಾರ್ಮ್ ಹೊಲಿದವರು ಅವರೇ. ಭಾನುವಾರ ಜ್ವರ ಶುರುವಾಯಿತು. ಸೋಮವಾರ ನಮ್ಮಲ್ಲಿಗೆ ಬಂದರು. ಡೆಂಗಿ ಪತ್ತೆ ಹಚ್ಚುವ ಎನ್‌ಎಸ್1 ಪರೀಕ್ಷೆ ಪಾಸಿಟಿವ್. ಪ್ಲೇಟ್‌ಲೆಟ್ 1.62 ಲಕ್ಷ, ಹಿಮೋಗ್ಲೋಬಿನ್ 10.4, ಪಿಸಿವಿ 32. ಡಾಕ್ಟರು ಪ್ಯಾರಾಸಿಟಮಾಲ್ ಬರೆದುಕೊಟ್ಟರು. ಮೈಕೈ ನೋವಿಗೆ ಬೇರೆ ಯಾವ ಮಾತ್ರೆಯನ್ನೂ ನುಂಗಬೇಡಿ, ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ, ಚೆನ್ನಾಗಿ ನೀರು, ಗಂಜಿ, ಓಆರ್‌ಎಸ್ ಕುಡಿಯಿರಿ ಎಂದು ಹೇಳಿ ಕಳಿಸಿದರು. ಬುಧವಾರ ಮತ್ತೆ ಬಂದಾಗ ಪ್ಲೇಟ್‌ಲೆಟ್ 88,000, ಪಿಸಿವಿ 34.

ಗುರುವಾರ ಬೆಳಿಗ್ಗೆ ಜ್ವರ ಬಿಟ್ಟಿತು. ಮನೆಯವರಿಗೆ ಖುಷಿ. ಸುಮ್ನೆ ಪ್ಲೇಟ್‌ಲೆಟ್ ಎಷ್ಟಿದೆ ನೋಡಿಕೊಂಡು ಹೋಗೋಣ ಅಂತ ಬಂದಿದ್ದರು. ಅವರನ್ನು ಬೆಂಚಿನ ಮೇಲೆ ಒರಗಿಸಿ, ಗಂಡ ಕೌಂಟರ್ ಹತ್ತಿರ ನಿಂತಿದ್ದರು. 46,000 ಎಂದು ಕೇಳಿ ಅವರ ಮುಖ ಸಣ್ಣದಾಯಿತು. ಹಿಮೋಗ್ಲೋಬಿನ್ ನೋಡಿ ಸ್ವಲ್ಪ ಸಮಾಧಾನವೂ ಆಯಿತು.

"ಮೇಡಂ, ಸೋಮವಾರ ಹತ್ತು ಚಿಲ್ಲರೆ ಇತ್ತು, ಈಗ ಹನ್ನೆರಡೂವರೆ ಆಗಿದೆ. ಅಮ್ಮ ದಿನಾ ಬೀಟ್‌ರೂಟ್ ಜ್ಯೂಸ್ ಕೊಡ್ತಿದ್ರು. ಕೆಲಸ ಮಾಡಿದೆ ಅಲ್ವಾ?"

ರಿಪೋರ್ಟಿಗೆ ಸಹಿ ಹಾಕಲು ಪೆನ್ ಎತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ನಿಜ ಹೇಳಬೇಕೆಂದರೆ ಆ ಮಾತು ಕೇಳದಿದ್ದರೆ ನಾನು ಸಹಿ ಹಾಕಿ ಕೊಟ್ಟುಬಿಡುತ್ತಿದ್ದೆನೋ ಏನೋ. ಬೀಟ್‌ರೂಟ್ ಇರಲಿ, ಕಬ್ಬಿಣದ ಮಾತ್ರೆ ಇರಲಿ, ಮೂರು ದಿನದಲ್ಲಿ ಹಿಮೋಗ್ಲೋಬಿನ್ ಎರಡು ಗ್ರಾಂ ಏರುವುದಿಲ್ಲ. ಮಾತ್ರೆ ನುಂಗಿದರೂ ಅಷ್ಟು ಏರಲು ವಾರಗಳೇ ಬೇಕು. ರಕ್ತ ಹಾಕಿಸಿದರೆ ಏರಬಹುದು, ಇವರಿಗೆ ಹಾಕಿಸಿರಲಿಲ್ಲ. ಉಳಿದದ್ದು ಒಂದೇ ಕಾರಣ. ಕೆಂಪು ಕಣ ಹೆಚ್ಚಾಗಿರಲಿಲ್ಲ, ಅದರ ಜೊತೆಗಿದ್ದ ನೀರು ಕಡಿಮೆಯಾಗಿತ್ತು.

ಒಲೆಯ ಮೇಲೆ ಮರೆತ ಸಾರು ಬತ್ತಿ ಗಟ್ಟಿಯಾಗುತ್ತದೆ. ಬೇಳೆ ಜಾಸ್ತಿ ಆಯ್ತು ಅಂತ ಯಾರೂ ಹೇಳಲ್ಲ.

ಪಿಸಿವಿ ಅಂದರೆ ಏನು, ಅದನ್ನು ಹೇಗೆ ಅಳೆಯುತ್ತೇವೆ

ನೂರು ಪಾಲು ರಕ್ತದಲ್ಲಿ ಕೆಂಪು ಕಣಗಳು ಎಷ್ಟು ಪಾಲು ಜಾಗ ಹಿಡಿದಿವೆ ಎಂಬುದೇ ಹೆಮಟೋಕ್ರಿಟ್. ನಮ್ಮ ಕಡೆ ಡಾಕ್ಟರುಗಳೂ ನಾವೂ ಪಿಸಿವಿ ಅಂತಲೇ ಅನ್ನುವುದು. ಹೆಮಟೋಕ್ರಿಟ್ ಎಂಬುದು 1891ರಲ್ಲಿ ಸ್ವೀಡನ್ನಿನ ಶರೀರವಿಜ್ಞಾನಿ ಮ್ಯಾಗ್ನಸ್ ಬ್ಲಿಕ್ಸ್ ಇಟ್ಟ ಹೆಸರು. ಗ್ರೀಕ್ ಮೂಲ ಹಿಡಿದು ಹೋದರೆ 'ರಕ್ತದ ತೀರ್ಪುಗಾರ' ಅಂದ ಹಾಗಾಗುತ್ತದೆ. 1929ರಲ್ಲಿ ವೈದ್ಯ ಮ್ಯಾಕ್ಸ್‌ವೆಲ್ ವಿಂಟ್ರೋಬ್ ಗೆರೆ ಹಾಕಿದ ಗಾಜಿನ ಕೊಳವೆ ತಂದ ಮೇಲೆ ಈ ಪರೀಕ್ಷೆ ಎಲ್ಲ ಲ್ಯಾಬ್‌ಗೂ ಸುಲಭವಾಯಿತು. ನಾನು ಡಿಎಂಎಲ್‌ಟಿ, ಅಂದರೆ ಲ್ಯಾಬ್ ಡಿಪ್ಲೊಮಾ, ಓದುವಾಗ ಆ ವಿಂಟ್ರೋಬ್ ಟ್ಯೂಬನ್ನು ಅರ್ಧ ಗಂಟೆ ತಿರುಗಿಸಿ, ಗೆರೆ ಎಣಿಸಿ ಬರೆದಿದ್ದೇನೆ. ಈಗ ಅದು ಬೀರುವಿನಲ್ಲಿದೆ.

ಈಗಿನ ಸೆಲ್ ಕೌಂಟರ್ ಪಿಸಿವಿಯನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಕೆಂಪು ಕಣ ಎಷ್ಟಿವೆ ಎಂದು ಎಣಿಸುತ್ತದೆ, ಒಂದೊಂದರ ಗಾತ್ರ ನೋಡುತ್ತದೆ, ಎರಡನ್ನೂ ಗುಣಿಸುತ್ತದೆ. ಇವರ ಲೆಕ್ಕವನ್ನೇ ನೋಡಿ. ಸೋಮವಾರ ಕಣಗಳ ಸಂಖ್ಯೆ 4.32 (ಮೈಕ್ರೋಲೀಟರಿಗೆ ದಶಲಕ್ಷದ ಲೆಕ್ಕದಲ್ಲಿ), ಗಾತ್ರ 74. ಗುಣಿಸಿ ಹತ್ತರಿಂದ ಭಾಗಿಸಿದರೆ 32. ಗುರುವಾರ ಸಂಖ್ಯೆ 5.22, ಗಾತ್ರ ಅದೇ 74. ಉತ್ತರ 38.6. ಗಾತ್ರ ಬದಲಾಗಿಲ್ಲ, ಸಂಖ್ಯೆ ಮಾತ್ರ ಏರಿದೆ. ಮೂರೇ ದಿನದಲ್ಲಿ!

ಲೆಕ್ಕ ಹಾಕಿ ಬಂದ ಉತ್ತರವನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸಿತು. ಗುಂಡುಸೂಜಿಯಷ್ಟು ಸಣ್ಣ ಗಾಜಿನ ಕ್ಯಾಪಿಲರಿ ತೆಗೆದುಕೊಂಡೆ. ಟ್ಯೂಬನ್ನು ಎಂಟು ಹತ್ತು ಸಲ ಮೆಲ್ಲಗೆ ತಿರುವಿ ರಕ್ತ ಬೆರೆಸಿದೆ. ಕ್ಯಾಪಿಲರಿಯಲ್ಲಿ ಮುಕ್ಕಾಲು ಭಾಗ ರಕ್ತ ಏರಿಸಿ, ಒಂದು ತುದಿಗೆ ಕ್ಲೇ ಒತ್ತಿದೆ. ನಿಮಿಷಕ್ಕೆ 12,000 ಸುತ್ತಿನಂತೆ 5 ನಿಮಿಷ ತಿರುಗಿಸಿದೆ. ಕೆಳಗೆ ಕೆಂಪು ಕಣ, ಮಧ್ಯೆ ಬಿಳಿ ಕಣ ಮತ್ತು ಪ್ಲೇಟ್‌ಲೆಟ್‌ಗಳ ಕೂದಲೆಳೆಯಷ್ಟು ಬಿಳಿ ಗೆರೆ, ಮೇಲೆ ತಿಳಿ ಹಳದಿ ಪ್ಲಾಸ್ಮಾ, ಅಂದರೆ ರಕ್ತದ ದ್ರವ ಭಾಗ. ಓದುವ ಪಟ್ಟಿಯ ಮೇಲಿಟ್ಟರೆ 39. ಹೀಗೆ ತಿರುಗಿಸಿದಾಗ ಕಣಗಳ ಸಂದಿಯಲ್ಲಿ ಒಂದಿಷ್ಟು ಪ್ಲಾಸ್ಮಾ ಸಿಕ್ಕಿಕೊಳ್ಳುವುದರಿಂದ ಮಷೀನಿಗಿಂತ ಸ್ವಲ್ಪ ಜಾಸ್ತಿ ಬರುವುದು ಮಾಮೂಲು. ಮಷೀನ್ ಸರಿಯಾಗೇ ಇತ್ತು.

ಇನ್ನೊಂದು ಅನುಮಾನ ಉಳಿದಿತ್ತು. ತೋಳಿಗೆ ರಬ್ಬರ್ ಪಟ್ಟಿ ಬಿಗಿದು ತುಂಬ ಹೊತ್ತು ಬಿಟ್ಟರೆ ಅಲ್ಲಿನ ರಕ್ತ ಗಟ್ಟಿಯಾಗಿ ಪಿಸಿವಿ ಸುಳ್ಳೇ ಏರುತ್ತದೆ. ರಕ್ತ ತೆಗೆದವಳು ನಾನೇ. ನರ ಒಂದೇ ಸಲಕ್ಕೆ ಸಿಕ್ಕಿತ್ತು. ಆ ಅನುಮಾನವೂ ಹೋಯಿತು.

32ರಿಂದ 38.6. ಏರಿದ್ದು 6.6. ಅವರ ಸ್ವಂತ 32ಕ್ಕೆ ಹೋಲಿಸಿದರೆ ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ. ಡೆಂಗಿಯಲ್ಲಿ ಶೇ 20ರ ಏರಿಕೆ ಅಂದರೆ ರಕ್ತನಾಳದಿಂದ ಪ್ಲಾಸ್ಮಾ ಸೋರುತ್ತಿದೆ ಎಂದರ್ಥ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಲ್ಲೇ ಇರುವ ಗಡಿ ಇದು. ಪ್ಲೇಟ್‌ಲೆಟ್ ಬೇಗ ಬೇಗ ಇಳಿಯುತ್ತಾ ಪಿಸಿವಿ ಏರುವುದನ್ನು 2009ರ ಮಾರ್ಗಸೂಚಿ ಎಚ್ಚರಿಕೆಯ ಲಕ್ಷಣಗಳ ಪಟ್ಟಿಗೆ ಸೇರಿಸಿದೆ.

ರಿಪೋರ್ಟ್ ಹಿಡಿದುಕೊಂಡು ಡ್ಯೂಟಿ ಡಾಕ್ಟರ ಹತ್ತಿರ ಹೋದೆ. ಮೂರು ದಿನದ ಪಿಸಿವಿಗಳನ್ನು ಕೆಂಪು ಪೆನ್ನಿನಲ್ಲಿ ಮೇಲೆ ಬರೆದಿದ್ದೆ. 32, 34, 38.6.

ಜ್ವರ ಬಿಟ್ಟ ಮೇಲೆ ಬರುವ ಕಷ್ಟ

ಜ್ವರ ಬಿಟ್ಟಿತು ಎಂದರೆ ರೋಗ ಬಿಟ್ಟಿತು ಎಂದು ನಾವೆಲ್ಲ ನಂಬಿ ಬೆಳೆದವರು. ಡೆಂಗಿ ಮಾತ್ರ ಈ ವಿಷಯದಲ್ಲಿ ಮೋಸಗಾರ. ಮೂರರಿಂದ ಏಳನೇ ದಿನದೊಳಗೆ, ಜ್ವರ ಇಳಿಯುವ ಹೊತ್ತಿಗೇ ಕೆಲವರಲ್ಲಿ ರಕ್ತನಾಳದ ಒಳಗೋಡೆ ಸಡಿಲವಾಗುತ್ತದೆ. ಪ್ಲಾಸ್ಮಾ ಹೊರಗೆ ಜಿನುಗಿ ಎದೆಗೂಡಿನಲ್ಲಿ, ಹೊಟ್ಟೆಯಲ್ಲಿ ಸೇರಿಕೊಳ್ಳುತ್ತದೆ. ಕೆಂಪು ಕಣ ದೊಡ್ಡದು, ಅದು ಒಳಗೇ ಉಳಿಯುತ್ತದೆ. ಒಂದು ತೊಟ್ಟು ರಕ್ತ ಹೊರಗೆ ಕಾಣಿಸದೆ ಓಡಾಡುವ ರಕ್ತದ ಪ್ರಮಾಣ ಕಡಿಮೆಯಾಗುತ್ತದೆ. ಈ ಸೋರಿಕೆ 24ರಿಂದ 48 ಗಂಟೆ ಇರುತ್ತದೆ. ಆ ಒಂದೆರಡು ದಿನ ದಾಟಿಸುವುದೇ ಚಿಕಿತ್ಸೆ.

ಡಾಕ್ಟರು ಮೊದಲು ಮುಟ್ಟಿದ್ದು ಪಾದ. ತಣ್ಣಗಿತ್ತು. ನಾಡಿ 118. ಬಿಪಿ 104/86. ಮೇಲಿನ ಸಂಖ್ಯೆ ಮಾತ್ರ ನೋಡುವವರಿಗೆ ಇದೂ 'ಪರವಾಗಿಲ್ಲ' ಅನ್ನಿಸುತ್ತದೆ. ಆದರೆ ಎರಡರ ನಡುವಿನ ಅಂತರ ಬರೀ 18. ಇಪ್ಪತ್ತಕ್ಕೆ ಇಳಿದರೆ ಅಥವಾ ಅದಕ್ಕೂ ಕೆಳಗೆ ಬಂದರೆ ದೇಹ ಹೇಗೋ ತಡೆದುಕೊಂಡಿದೆ, ಆದರೆ ಶಾಕ್, ಅಂದರೆ ಅಂಗಗಳಿಗೆ ರಕ್ತ ಸಾಲದ ಸ್ಥಿತಿ, ಶುರುವಾಗಿದೆ ಎಂದೇ ಲೆಕ್ಕ. ಬೆಳಿಗ್ಗೆಯಿಂದ ಹೊಟ್ಟೆ ನೋವು, ಮೂರು ಸಲ ವಾಂತಿ. ವಾಂತಿ ಬರುವ ಹೊಟ್ಟೆಗೆ ಪಪ್ಪಾಯ ಎಲೆಯ ಕಹಿ ರಸ ಬೇರೆ. ಮೂತ್ರಕ್ಕೆ ಹೋಗಿದ್ದು ಯಾವಾಗ ಎಂದು ಕೇಳಿದಾಗ ಅವರೇ ಯೋಚನೆ ಮಾಡಿದರು. "ರಾತ್ರಿ ಹೋಗಿದ್ದೆ ಅನ್ಸುತ್ತೆ."

ಸ್ಕ್ಯಾನ್‌ನಲ್ಲಿ ಪಿತ್ತಕೋಶದ ಗೋಡೆ ದಪ್ಪಗಾಗಿತ್ತು. ಬಲಗಡೆ ಎದೆಗೂಡಿನಲ್ಲಿ ಸ್ವಲ್ಪ ನೀರು. ನಮ್ಮ ಕ್ಯಾಪಿಲರಿಯಲ್ಲಿ ಕಾಣೆಯಾಗಿದ್ದ ಪ್ಲಾಸ್ಮಾ ಅಲ್ಲಿ ಸಿಕ್ಕಿತು.

ನಾಲ್ಕೂವರೆಗೆ ಡ್ರಿಪ್ ಶುರುವಾಯಿತು. ಮೊದಲ ಒಂದು ಗಂಟೆ ಕೆಜಿಗೆ 10 ಮಿಲಿಯಂತೆ, ಸುಮಾರು 500 ಮಿಲಿ ಸಲೈನ್. ಆಮೇಲೆ ನಾಡಿ, ಬಿಪಿ, ಮೂತ್ರ, ಪಿಸಿವಿ ನಾಲ್ಕನ್ನೂ ನೋಡಿಕೊಂಡು ಹಂತ ಹಂತವಾಗಿ ಇಳಿಸುವುದು. ಐದೂವರೆಗೆ ನಾಡಿ 100, ಬಿಪಿ ಅಂತರ 30, ಪಿಸಿವಿ 37. ರಾತ್ರಿ ಎಂಟಕ್ಕೆ 36. ಮೂತ್ರ ಬಂತು. ಎಲ್ಲ ಸರಿದಾರಿಯಲ್ಲಿದೆ ಅನ್ನಿಸಿ ನಾನು ಮನೆಗೆ ಹೊರಟೆ.

ರಾತ್ರಿ ಹನ್ನೊಂದರ 27

ಊಟಕ್ಕೆ ಕೂತಿದ್ದಾಗ ರಾತ್ರಿ ಪಾಳಿಯ ಹುಡುಗ ಫೋನ್ ಮಾಡಿದ. "ಅಕ್ಕ, ಪಿಸಿವಿ 27 ಬಂದಿದೆ. ಡಾಕ್ಟರು ಬ್ಲಡ್ ಬ್ಯಾಂಕಿಗೆ ಫೋನ್ ಮಾಡ್ಬೇಕು ಅಂತಿದಾರೆ."

ಗಾಬರಿ ಸಹಜ. ಡೆಂಗಿ ರೋಗಿಯ ಪಿಸಿವಿ ಮೂರು ಗಂಟೆಯಲ್ಲಿ 36ರಿಂದ 27ಕ್ಕೆ ಬಿದ್ದರೆ ಹೊಟ್ಟೆಯೊಳಗೆ ರಕ್ತಸ್ರಾವ ಆಗುತ್ತಿರಬಹುದು. ಆಗ ಸಲೈನ್ ಸಾಲದು, ರಕ್ತವೇ ಬೇಕು. ಬ್ಲಡ್ ಬ್ಯಾಂಕ್ ಇರುವುದು ಜಿಲ್ಲಾ ಕೇಂದ್ರದಲ್ಲಿ, ಅದೂ ಮಳೆಗಾಲದ ರಾತ್ರಿ.

ಆದರೆ ನಾಡಿ 92, ಬಿಪಿ ಚೆನ್ನಾಗಿದೆ, ಕೈಕಾಲು ಬೆಚ್ಚಗಿವೆ ಎಂದ. ಉಳಿದ ಸಂಖ್ಯೆಗಳನ್ನೂ ಓದಿ ಹೇಳು ಎಂದೆ. ಎಂಟು ಗಂಟೆಗೆ 40,000 ಇದ್ದ ಪ್ಲೇಟ್‌ಲೆಟ್ ಈಗ 30,000. ಬಿಳಿ ಕಣ 3,200ರಿಂದ 2,400. ಪಿಸಿವಿ 36ರಿಂದ 27. ಮೂರೂ ಸರಿಯಾಗಿ ಕಾಲು ಭಾಗ ಇಳಿದಿವೆ. ಇದೇನಿದು, ಹಾಲಿಗೆ ನೀರು ಬೆರೆಸಿದ ಲೆಕ್ಕ.

"ಯಾವ ಕೈಯಿಂದ ತೆಗೆದ್ರು?"

ಸ್ವಲ್ಪ ಹೊತ್ತು ಸುಮ್ಮನಿದ್ದ. "ಡ್ರಿಪ್ ಹೋಗ್ತಿರೋ ಕೈಯಿಂದಲೇ ಅಂತೆ ಅಕ್ಕ. ಆ ಕಡೆ ನರ ಸಿಗ್ಲಿಲ್ವಂತೆ."

ಹೊಸದಾಗಿ ಸೇರಿದ್ದ ನರ್ಸ್ ಹುಡುಗಿ. ಅವಳನ್ನು ಬೈಯುವಂಥದ್ದೇನೂ ಅಲ್ಲ. ಸೂಜಿ ಚುಚ್ಚಿಸಿಕೊಂಡು ಸಾಕಾದ ರೋಗಿಗೆ ಇನ್ನೊಂದು ಕಡೆ ಚುಚ್ಚಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಇನ್ನೊಂದು ಕೈಯಿಂದ ತೆಗೆದು ಮತ್ತೆ ನೋಡಿದರು. 35.8. ನಾನು ಮತ್ತೆ ಊಟಕ್ಕೆ ಕೂತಾಗ ಅನ್ನ ಆರಿತ್ತು.

ಈ ಪರೀಕ್ಷೆಯಲ್ಲಿ ತಪ್ಪು ಆಗುವುದು ಹೆಚ್ಚಾಗಿ ಮಷೀನಿನ ಒಳಗಲ್ಲ, ಹೊರಗೆ. ಡ್ರಿಪ್ ಕೈಯಿಂದ ತೆಗೆದರೆ ಸುಳ್ಳೇ ಇಳಿಯುತ್ತದೆ. ನೇರಳೆ ಮುಚ್ಚಳದ ಟ್ಯೂಬಿಗೆ ಗೆರೆಯವರೆಗೆ ರಕ್ತ ತುಂಬದೆ ಚೂರೇ ಹಾಕಿದರೆ, ರಕ್ತ ಹೆಪ್ಪುಗಟ್ಟದಂತೆ ಒಳಗೆ ಹಾಕಿರುವ ಇಡಿಟಿಎ ಜಾಸ್ತಿಯಾಗಿ ಕೆಂಪು ಕಣ ಕುಗ್ಗುತ್ತವೆ. ತಿರುಗಿಸಿ ನೋಡುವ ಪಿಸಿವಿ ಆಗಲೂ ಕಡಿಮೆ ಬರುತ್ತದೆ. ಸರಿಯಾಗಿ ಬೆರೆಸದಿದ್ದರೆ ಏನು ಬೇಕಾದರೂ ಬರಬಹುದು.

28,000ದ ಜಗಳ

ಶುಕ್ರವಾರ ಬೆಳಿಗ್ಗೆ ಪಿಸಿವಿ 36, ಪ್ಲೇಟ್‌ಲೆಟ್ 28,000. ಗಂಡ ತಡೆದುಕೊಳ್ಳಲಾರದೆ ಡಾಕ್ಟರ ಮೇಲೆ ರೇಗಿದರು. "ದಿನಾ ಇಳೀತಾನೇ ಇದೆ, ನೀವು ನೀರು ಹಾಕ್ಕೊಂಡು ಕೂತಿದೀರಿ. ಪ್ಲೇಟ್‌ಲೆಟ್ ಹಾಕ್ಸಿ ಡಾಕ್ಟ್ರೇ, ದುಡ್ಡು ಎಷ್ಟಾದ್ರೂ ಆಗ್ಲಿ." ಬೆಂಗಳೂರಿನ ಭಾವನ ಕೈಲಿ ಆಗಲೇ ವಿಚಾರಿಸಿ ಇಟ್ಟಿದ್ದರು.

ಅವರ ತಪ್ಪಲ್ಲ. ಡೆಂಗಿ ಎಂದರೆ ಪ್ಲೇಟ್‌ಲೆಟ್ ಎಂದು ಊರಿಗೆ ಊರೇ ಮಾತಾಡುತ್ತದೆ. ಕ್ರಿಕೆಟ್ ಸ್ಕೋರ್ ಕೇಳಿದ ಹಾಗೆ ನೆಂಟರು ಫೋನ್ ಮಾಡಿ ಅದನ್ನೇ ಕೇಳುತ್ತಾರೆ. ಪಿಸಿವಿ ಎಷ್ಟು ಎಂದು ಒಬ್ಬ ನೆಂಟನೂ ಕೇಳಿದ್ದನ್ನು ನಾನು ಕಾಣೆ. ರಕ್ತಸ್ರಾವ ಇಲ್ಲದಿದ್ದರೆ ಪ್ಲೇಟ್‌ಲೆಟ್ 10,000ಕ್ಕಿಂತ ಕೆಳಗೆ ಹೋಗುವವರೆಗೆ ಸಾಮಾನ್ಯವಾಗಿ ಹೊರಗಿನಿಂದ ಕೊಡುವುದಿಲ್ಲ. ಕೊಟ್ಟರೂ ಅದು ಸೋರಿಕೆ ನಿಲ್ಲಿಸುವುದಿಲ್ಲ. ಡಾಕ್ಟರು ಇದನ್ನು ಮೂರು ಸಲ, ಮೂರು ಥರ ಹೇಳಿದರು. ಗಂಡ ಒಪ್ಪಲಿಲ್ಲ, ಆದರೆ ಹೆಂಡತಿ ಎದ್ದು ಕೂತು ಗಂಜಿ ಕುಡಿದದ್ದನ್ನು ನೋಡಿ ಸುಮ್ಮನಾದರು.

ಶುಕ್ರವಾರ ರಾತ್ರಿ ಪಿಸಿವಿ 34. ಶನಿವಾರ ಬೆಳಿಗ್ಗೆ 31. ಪ್ಲೇಟ್‌ಲೆಟ್ 41,000.

ಮತ್ತೆ ಇಳಿಕೆ. ಈ ಸಲ ಯಾರೂ ಬ್ಲಡ್ ಬ್ಯಾಂಕಿನ ಹೆಸರೆತ್ತಲಿಲ್ಲ. ಅವರು ರಾತ್ರಿಯಿಡೀ ಮೂತ್ರಕ್ಕೆ ಎದ್ದಿದ್ದರು. ಹಸಿವಾಗಿತ್ತು. ಅಂಗೈ ಅಂಗಾಲು ತುರಿಕೆ ಶುರುವಾಗಿತ್ತು, ಅದು ಡೆಂಗಿ ಬಿಡುವ ಹೊತ್ತಿಗೆ ಬರುವಂಥದ್ದು. ಹೊರಗೆ ಸೋರಿದ್ದ ಪ್ಲಾಸ್ಮಾ ರಕ್ತನಾಳಕ್ಕೆ ವಾಪಸ್ ಬರುತ್ತಿತ್ತು. ಡ್ರಿಪ್ ತಕ್ಷಣ ನಿಲ್ಲಿಸಿದರು. ಪಾಪ, ಸುಸ್ತಾಗಿದ್ದಾರೆ, ಇನ್ನೊಂದು ಬಾಟಲ್ 'ಗ್ಲೂಕೋಸ್' ಹೋಗಲಿ ಎಂದು ಅತ್ತೆ ಕೇಳಿಕೊಂಡರು. ಈ ಹೊತ್ತಿನಲ್ಲಿ ಆ ಒಂದು ಬಾಟಲ್ ಜಾಸ್ತಿಯಾದರೂ ನೀರು ಶ್ವಾಸಕೋಶಕ್ಕೆ ಹೋಗಿ ಉಸಿರು ಕಟ್ಟಬಹುದು.

ಎರಡೇ ದಿನದಲ್ಲಿ ಪಿಸಿವಿ ಎರಡು ಸಲ ಇಳಿಯಿತು. ಗುರುವಾರ ರಾತ್ರಿಯ 27 ಸುಳ್ಳು. ಶನಿವಾರದ 31 ಗುಣವಾಗುವ ಗುರುತು. ಗುರುವಾರ ರಾತ್ರಿ ನಾಡಿ 130 ಇದ್ದು, ಕೈಕಾಲು ತಣ್ಣಗಿದ್ದಿದ್ದರೆ ಅದೇ 27ಕ್ಕೆ ರಕ್ತದ ಬಾಟಲ್ ಹುಡುಕಿಕೊಂಡು ಓಡಬೇಕಿತ್ತು. ಬ್ಲಿಕ್ಸ್ 'ತೀರ್ಪುಗಾರ' ಎಂದು ಹೆಸರಿಟ್ಟರೂ, ಸಾಕ್ಷಿ ಕೇಳದೆ ಇದು ಕೊಡುವ ತೀರ್ಪನ್ನು ನಾನಂತೂ ನಂಬುವುದಿಲ್ಲ.

ಏರಿಕೆಗೂ ಇದೇ ಮಾತು. ನೀರು ಕಡಿಮೆಯಾದರೂ ಏರುತ್ತದೆ, ಕಣ ನಿಜವಾಗಿ ಹೆಚ್ಚಾದರೂ ಏರುತ್ತದೆ. ಎತ್ತರದ ಬೆಟ್ಟ ಪ್ರದೇಶದಲ್ಲಿ ಇರುವವರಿಗೆ, ತುಂಬ ಬೀಡಿ ಸಿಗರೇಟ್ ಸೇದುವವರಿಗೆ ಜಾಸ್ತಿ ಇರುತ್ತದೆ. ಪಾಲಿಸೈಥೀಮಿಯಾ ವೆರಾ ಎಂಬ ಕಾಯಿಲೆಯಲ್ಲಿ ಮೂಳೆಯ ಮಜ್ಜೆಯೇ ಕಣಗಳನ್ನು ಬೇಕಾಬಿಟ್ಟಿ ಹುಟ್ಟಿಸುತ್ತದೆ. ಅವರಿಗೆ ಆಗಾಗ ರಕ್ತ ತೆಗೆದು 45ಕ್ಕಿಂತ ಕೆಳಗೆ ಇಡುತ್ತಾರೆ. ಸೈಕಲ್ ರೇಸಿನವರು ಕೆಂಪು ಕಣ ಹೆಚ್ಚಿಸುವ ಇಪಿಒ ಹಾರ್ಮೋನ್ ಚುಚ್ಚಿಕೊಂಡು ಬೇಕಂತಲೇ ಏರಿಸಿಕೊಳ್ಳುತ್ತಿದ್ದರು. 1997ರಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಗಂಡಸರಿಗೆ 50ರ ಗಡಿ ಹಾಕಿತು. ಬಸುರಿಯರಿಗೆ ಇದರ ತಿರುವು ಮುರುವು. ಪ್ಲಾಸ್ಮಾ ತುಂಬ ಹೆಚ್ಚಾಗುವುದರಿಂದ ಕಣ ಹೆಚ್ಚಾದರೂ ಪಿಸಿವಿ ಇಳಿದು ಕಾಣುತ್ತದೆ.

ಮರೆಯಾಗಿದ್ದ ರಕ್ತಹೀನತೆ

ಡಿಸ್ಚಾರ್ಜ್ ದಿನ ಹಿಮೋಗ್ಲೋಬಿನ್ 10.1, ಪಿಸಿವಿ 31. ಗಂಡನ ಮುಖ ಮತ್ತೆ ಸಣ್ಣದಾಯಿತು. "ಹನ್ನೆರಡೂವರೆ ಇತ್ತಲ್ಲ ಮೇಡಂ, ಎಲ್ಲಾ ಇಳಿದೋಯ್ತಲ್ಲ!"

ಇಳಿದಿರಲಿಲ್ಲ. ಅವರದ್ದು ಇದ್ದದ್ದೇ ಅಷ್ಟು. ಎಂಸಿವಿ 74, ಅಂದರೆ ಕಣಗಳು ಚಿಕ್ಕವು. ಕೇಳಿದಾಗ ವರ್ಷದಿಂದ ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿದೆ ಎಂದರು. ಸುಸ್ತು ಅನ್ನಿಸಿದರೆ ಟೀ ಕುಡಿದು ಮತ್ತೆ ಮಿಷನ್ ತುಳಿಯುತ್ತಿದ್ದರಂತೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇತ್ತು. ಅಂದರೆ ನಮ್ಮ ಲ್ಯಾಬಿನ ಬೆಂಚಿನಲ್ಲಿ ಕೂತವರಲ್ಲಿ ಇವರಂಥವರು ಅಪರೂಪವೇನಲ್ಲ. ಇಂಥವರಿಗೆ ಡೆಂಗಿ ಬಂದು ಪ್ಲಾಸ್ಮಾ ಸೋರಿದಾಗ ಪಿಸಿವಿ ಏರಿ ಏರಿ 'ನಾರ್ಮಲ್' ಆಗುತ್ತದೆ. ಸ್ಟಾರ್ ಬೀಳುವುದೇ ಇಲ್ಲ.

ಇದನ್ನು ಅವರಿಗೆ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೆ. ಕೊನೆಗೆ ಅವರ ಕಸುಬನ್ನೇ ಹಿಡಿದೆ.

"ಎಲ್ಲರಿಗೂ 36 ಸೈಜ್ ಬ್ಲೌಸ್ ಹೊಲಿದುಕೊಟ್ರೆ ಆಗುತ್ತಾ?"

"ಎಲ್ಲಾದ್ರೂ ಉಂಟಾ ಮೇಡಂ, ಅಳತೆ ತಗೋಬೇಕು."

"ಈ ಕಾಗದದಲ್ಲಿ 36ರಿಂದ 46 ಅಂತ ಇರೋದು ರೆಡಿಮೇಡ್ ಸೈಜು. ನಿಮ್ಮ ಅಳತೆ 32."

ಅವರು ನಕ್ಕರು. ಡಾಕ್ಟರು ದೇಹದಲ್ಲಿ ಕಬ್ಬಿಣದ ಸಂಗ್ರಹ ಎಷ್ಟಿದೆ ಎಂದು ತೋರಿಸುವ ಫೆರಿಟಿನ್ ಪರೀಕ್ಷೆ ಬರೆದರು. ಕಡಿಮೆ ಬಂತು. ಕಬ್ಬಿಣದ ಮಾತ್ರೆ ಶುರು ಮಾಡಿ, ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದರು.

ಆಮೇಲೆ ನಮ್ಮ ಲ್ಯಾಬಿನಲ್ಲಿ ಒಂದು ಬದಲಾವಣೆ ಮಾಡಿಕೊಂಡೆವು. ಜ್ವರದ ರೋಗಿಯ ಪ್ರತಿ ರಿಪೋರ್ಟಿನಲ್ಲೂ ಹಿಂದಿನ ಪಿಸಿವಿ, ತೆಗೆದ ಕೈ, ತೆಗೆದ ಹೊತ್ತು ಮೂರನ್ನೂ ಬರೆಯುವುದು. ಸಾಫ್ಟ್‌ವೇರ್‌ನವರು ಇನ್ನೊಂದು ಕಾಲಂ ಸೇರಿಸಲು ಬೇರೆ ದುಡ್ಡು ಕೇಳಿದರು. ಹಾಗಾಗಿ ಕೆಂಪು ಪೆನ್ನೇ ಗತಿ.

ಅಕ್ಟೋಬರ್ ಕೊನೆಯಲ್ಲಿ ಅವರು ಮತ್ತೆ ಬಂದರು. ಹಿಮೋಗ್ಲೋಬಿನ್ 11.9, ಪಿಸಿವಿ 36.4. ರಿಪೋರ್ಟ್ ಇಸಿದುಕೊಂಡು ಬ್ಯಾಗಿನಿಂದ ಅಳತೆ ಪುಸ್ತಕ ತೆಗೆದರು. ಎದೆ, ಸೊಂಟ, ತೋಳು, ಉದ್ದ ಎಂದು ಗಿರಾಕಿಗಳ ಅಳತೆ ತುಂಬಿದ್ದ ಪುಸ್ತಕ. ಕೊನೆಯ ಪುಟದಲ್ಲಿ ಅವರ ಹೆಸರಿನ ಮುಂದೆ 32 ಇತ್ತು. ಅದನ್ನು ಹೊಡೆದು ಹಾಕಿ 36.4 ಬರೆದರು. ಕೆಳಗಿನ ಸಾಲಿನಲ್ಲಿ ಗಂಡನ ಹೆಸರು ಬರೆದು, ಮುಂದೆ ಜಾಗ ಖಾಲಿ ಬಿಟ್ಟು, "ಇವರದ್ದೂ ಒಂದು ತೆಗೆದುಬಿಡಿ ಮೇಡಂ" ಎಂದರು. ಅಷ್ಟು ಹೊತ್ತಿಗೆ ಗಂಡ ಮೆಲ್ಲಗೆ ಬಾಗಿಲ ಹತ್ತಿರ ಸರಿದಿದ್ದರು.